ಶಾಲು ಸಾಕು, ಬಯಲು ಕೊಡಿ

ಜಾತ್ರಾ ಸಮಿತಿಗಳ ಹಿರಿಯರಿಗೆ, ಪುರಸಭೆ ಮತ್ತು ಗ್ರಾಮ ಪಂಚಾಯಿತಿಗಳ ಸದಸ್ಯರಿಗೆ ಒಬ್ಬ ಕಂಪನಿ ನಾಟಕದ ನಟಿಯ ಬಹಿರಂಗ ಪತ್ರ

ಮಾನ್ಯರೇ,

ಕಳೆದ ವರ್ಷ ನಿಮ್ಮಂಥದೇ ಒಂದು ಜಾತ್ರಾ ಸಮಿತಿಯವರು ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ವೃತ್ತಿ ರಂಗಭೂಮಿಯ ಹಿರಿಯ ಚೇತನ’ ಎಂದು ಬರೆಸಿದ ಫಲಕವನ್ನು ಕೈಗಿತ್ತು ಸನ್ಮಾನಿಸಿದರು. ಊರಿನ ಹೆಸರನ್ನು ಬರೆಯುವುದಿಲ್ಲ. ಉಂಡ ಮನೆಯ ಹೆಸರು ಹೇಳಿ ದೂರುವ ರೂಢಿ ನನಗಿಲ್ಲ, ಹೇಳಬೇಕಾದ ಮಾತೂ ಒಂದೇ ಊರಿಗೆ ಸೇರಿದ್ದಲ್ಲ. ವೇದಿಕೆ ಕಟ್ಟಿದ್ದು ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ. 1978ರಿಂದ ಈಚೆಗೆ ಏಳು ಸಲ ನಾನು ಕ್ಯಾಂಪ್ ಮಾಡಿದ ಬಯಲದು. ಕುಳಿತ ಕುರ್ಚಿಯಿಂದ ಬಲಕ್ಕೆ ನೋಡಿದರೆ ಕಾಣುತ್ತಿದ್ದ ಬೇವಿನ ಮರಕ್ಕೇ ನಮ್ಮ ಥಿಯೇಟರಿನ ಹಿಂಬದಿಯ ಹಗ್ಗ ಬಿಗಿಯುತ್ತಿದ್ದರು. ಈ ಸಲದ ಜಾತ್ರೆಗೆ ಬರಲು ಅರ್ಜಿ ಹಾಕಿದ್ದ ನಾಟಕ ಕಂಪನಿಗೆ ಅಲ್ಲಿ ಜಾಗ ಸಿಗಲಿಲ್ಲವೆಂದೂ, ಹರಾಜಿನಲ್ಲಿ ಹೆಚ್ಚಿಗೆ ಕೂಗಿದ ತಿರುಗುವ ತೊಟ್ಟಿಲು ಮತ್ತು ವಸ್ತುಪ್ರದರ್ಶನದವರಿಗೆ ಬಯಲು ಹೋಯಿತೆಂದೂ, ಸಾಮಾನು ಹೇರಿಕೊಂಡು ಅರ್ಧ ದಾರಿಗೆ ಬಂದಿದ್ದ ಲಾರಿ ಹೊರಳಿ ಹೋಯಿತೆಂದೂ ತಿಳಿದದ್ದು ಸನ್ಮಾನ ಮುಗಿದು ಚಹಾ ಕುಡಿಯುವಾಗ. ಹೇಳಿದವನು ಆ ಕಂಪನಿಯ ಮ್ಯಾನೇಜರ್, ಒಂದು ಕಾಲಕ್ಕೆ ನನ್ನ ಮಗನ ಪಾತ್ರ ಮಾಡುತ್ತಿದ್ದ ಹುಡುಗ. ಅವನು ಶಾಲಿನ ಅಂಚು ಮುಟ್ಟಿ ನೋಡಿ, “ಚಲೋ ಅದ ಅಕ್ಕಾ. ಇದನ್ನ ಹಾಸಿ, ಇದರ ಮ್ಯಾಲ ನಾಟಕ ಮಾಡೂಣೇನು?” ಎಂದ.

ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಊರಿಗೆ ಮರಳುವ ಬಸ್ಸಿನಲ್ಲಿ ಮಾತ್ರ ಆ ಮಾತು ತಲೆಯಿಂದ ಇಳಿಯಲಿಲ್ಲ. ಜಾತ್ರೆಯ ಬಯಲುಗಳನ್ನು ಯಾರಿಗೆ, ಎಷ್ಟು ದಿನಕ್ಕೆ, ಎಷ್ಟು ಬಾಡಿಗೆಗೆ ಕೊಡಬೇಕೆಂದು ನಿರ್ಧರಿಸುವ ಅಧಿಕಾರ ನಿಮ್ಮ ಕೈಯಲ್ಲಿರುವುದರಿಂದ ಈ ಪತ್ರವನ್ನು ನಿಮಗೇ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆ ಸೀಮೆಯ ನೇಕಾರರ ಊರೊಂದರವಳು. ಅಪ್ಪ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಾಗಿದ್ದರು. ಅವರ ಹಿಂದೆ ನಾವು ಮಕ್ಕಳು ಊರೂರು ತಿರುಗುತ್ತಿದ್ದೆವು. 1963ರಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ, ಹರಿಶ್ಚಂದ್ರನ ನಾಟಕದಲ್ಲಿ ಲೋಹಿತಾಶ್ವನ ಪಾತ್ರ ಮಾಡುತ್ತಿದ್ದ ಹುಡುಗನಿಗೆ ದಡಾರ ಎದ್ದಿತೆಂದು ನನ್ನ ಜಡೆ ಬಿಚ್ಚಿ, ತಲೆಗೆ ರುಮಾಲು ಸುತ್ತಿ, ರಂಗದ ಮೇಲೆ ತಳ್ಳಿದರು. ಹಾವು ಕಚ್ಚಿ ಸತ್ತ ಮೇಲೆ ತಾಯಿಯ ತೊಡೆಯ ಮೇಲೆ ಕಾಲು ಗಂಟೆ ಅಲುಗದೆ ಬಿದ್ದಿರಬೇಕಿತ್ತು. ತಾರಾಮತಿಯಾಗಿದ್ದ ಅಕ್ಕನವರು ಅಳುತ್ತ ಹಾಡುವಾಗ ಅವರ ಕಣ್ಣೀರು, ಬೆವರು, ಮುಖಕ್ಕೆ ಬಳಿದ ಸಫೇತಾ ಎಲ್ಲ ಕೂಡಿ ನನ್ನ ಹಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮೂಗಿನ ತುದಿಯಲ್ಲೊಂದು ಸೊಳ್ಳೆ ಕುಳಿತಿತ್ತು. ಹಾಡಿಗೆ ಒನ್ಸ್ ಮೋರ್ ಬಿತ್ತು. ಎರಡನೆಯ ಸಲವೂ ನಾನು ಹಾಗೆಯೇ ಸತ್ತು ಬಿದ್ದಿದ್ದೆ. ಆಟ ಮುಗಿದ ಮೇಲೆ ಮಾಲೀಕರು ನನ್ನ ಕೈಯಲ್ಲಿ ಎಂಟಾಣೆ ಇಟ್ಟು, “ಸೊಳ್ಳಿ ಕಡದರೂ ಮಿಸುಕಲಿಲ್ಲ ನೋಡ್ರಿ ಮಾಸ್ತರ, ಇಕಿ ಕಂಪನಿ ಬಿಟ್ಟು ಹೋಗೂದಿಲ್ಲ” ಎಂದು ಅಪ್ಪನಿಗೆ ಹೇಳಿದರು. ಅವರ ಮಾತು ನಿಜವಾಯಿತು. ಬಾಲಕೃಷ್ಣನಾದೆ, ನಾಯಕಿಯಾದೆ, ಹಾಸ್ಯನಟನ ಜೋಡಿಯಾದೆ, ವಿಧವೆ ತಾಯಿಯಾದೆ, ಕಡೆಗೆ ಗಯ್ಯಾಳಿ ಅತ್ತೆಯಾದೆ. ಸೊಸೆಯಾಗಿ ಅತ್ತು ಬಂದ ಊರಿಗೇ ಹದಿನೆಂಟು ವರ್ಷದ ಮೇಲೆ ಅತ್ತೆಯಾಗಿ ಹೋಗಿ ಸೊಸೆಯನ್ನು ಅಳಿಸಿದ್ದೇನೆ. ಮರುದಿನ ಸಂತೆಗೆ ಹೋದರೆ ಬದನೆಕಾಯಿ ಮಾರುವ ಹೆಣ್ಣುಮಗಳು, “ನಿನಗ ಕೊಡಂಗಿಲ್ಲ ಹೋಗ, ಆ ಹುಡುಗೀನ ಎಷ್ಟು ಕಾಡಿಸಿದಿ” ಎಂದು ತಕ್ಕಡಿ ಕೆಳಗಿಟ್ಟದ್ದುಂಟು.

ನಾನು ಶಾಲೆಗೆ ಹೋದದ್ದು ಮೂರನೆಯ ಇಯತ್ತೆಯವರೆಗೆ. ಉಳಿದ ಕನ್ನಡವನ್ನೆಲ್ಲ ಕಲಿತದ್ದು ತಾಲೀಮಿನಲ್ಲಿ, ಕಂದಗಲ್ಲ ಹನುಮಂತರಾಯರಂಥವರು ಬರೆದ ಮಾತುಗಳನ್ನು ಬಾಯಿಪಾಠ ಮಾಡಿ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಗೊತ್ತಿಲ್ಲದವರು ಅವರ ಒಂದು ವಾಕ್ಯವನ್ನೂ ಪೂರ್ತಿ ಆಡಲಾರರು. ಈ ಪತ್ರದಲ್ಲಿ ವಾಕ್ಯಗಳು ಅಲ್ಲಲ್ಲಿ ಉದ್ದವಾಗಿದ್ದರೆ ಅದರ ಹೊಣೆಯಲ್ಲಿ ಅವರದೂ ಒಂದು ಪಾಲಿದೆ.

ಸಭೆಗಳಲ್ಲಿ ನಮ್ಮನ್ನು ಹೊಗಳುವವರು ಹೆಸರುಗಳನ್ನು ಹೇಳುತ್ತಾರೆ, ಆ ಹೆಸರುಗಳು ಯಾವ ನೆಲದ ಮೇಲೆ ಬೆಳೆದವು ಎಂಬುದನ್ನು ಹೇಳುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕಾಲದಲ್ಲಿ, 1934ರ ಕುರುಕ್ಷೇತ್ರ ನಾಟಕಕ್ಕೆ, ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆನೆ ತಿರುಗಿ ನಿಲ್ಲಲು ಎಷ್ಟು ನೆಲ ಬೇಕೆಂದು ನೀವೇ ಅಂದಾಜು ಮಾಡಿ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಸಿನಿಮಾಕ್ಕೆ ಹೋಗುವ ಮೊದಲು ಬಣ್ಣ ಹಚ್ಚಿದ್ದು ಕಂಪನಿಗಳಲ್ಲಿ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಗುಬ್ಬಿ ಕಂಪನಿಯಲ್ಲಿದ್ದವರು. ನಮ್ಮ ಕಡೆ ಮಲ್ಲಿಕಾರ್ಜುನ ಮನ್ಸೂರರು ಬಾಲಕನಾಗಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿ ಬೆಳೆದರು. ನೂರು ವರ್ಷ ದಾಟಿ ಬಾಳಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಬಸವಣ್ಣನಾಗಿ ರಂಗಕ್ಕೆ ಬಂದರೆ ಮುಂದೆ ಕುಳಿತ ಜನ ಕೈಮುಗಿಯುತ್ತಿದ್ದರು. ನನಗೆ ಇವೆಲ್ಲಕ್ಕಿಂತ ದೊಡ್ಡದೆನಿಸುವುದು ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ಕೆಲಸ. ಕಣ್ಣು ಕಾಣದ ಆ ಮಹಾನುಭಾವರು ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘವನ್ನು ನಡೆಸಿದ್ದು ಆಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ. ಊರೂರಿನ ಬಯಲಿನಲ್ಲಿ ಹರಿದ ಟಿಕೀಟಿನ ದುಡ್ಡು ಗದಗಿನಲ್ಲಿ ಸಂಗೀತ ಕಲಿಯುವ ಮಕ್ಕಳ ತಟ್ಟೆಯ ರೊಟ್ಟಿಯಾಗುತ್ತಿತ್ತು.

ನೀವು ಕೇಳಬಹುದು: ಈಗ ಊರೂರಿಗೆ ರಂಗಮಂದಿರಗಳಿವೆಯಲ್ಲ, ಬಯಲು ಏಕೆ ಬೇಕು? ಕಂಪನಿ ಎಂದರೆ ಏನೆಂದು ತಿಳಿಯದವರಿಗೆ ಈ ಪ್ರಶ್ನೆ ಸಹಜ. ರಂಗಮಂದಿರವನ್ನು ಒಂದು ದಿನಕ್ಕೆ, ಎರಡು ದಿನಕ್ಕೆ ಬಾಡಿಗೆಗೆ ಹಿಡಿಯಬಹುದು. ಕಂಪನಿ ಒಂದೂರಲ್ಲಿ ಎರಡು ತಿಂಗಳಾದರೂ ನಿಂತರೆ ಮಾತ್ರ ಲಾರಿಯ ಬಾಡಿಗೆ, ಬೊಂಬು ತಗಡು ನಿಲ್ಲಿಸುವ ಕೂಲಿ, ಕಲಾವಿದರಿಗೆ ಕೊಟ್ಟ ಮುಂಗಡ ಗಿಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ತಗಡಿನ ಆ ಥಿಯೇಟರೇ ನಮ್ಮ ಮನೆ. ಮುಂದೆ ಪರದೆ, ಝಾಲರು, ಕುರ್ಚಿ, ಬೆಂಚು, ನೆಲ. ಹಿಂದೆ ಮೂವತ್ತು ನಲವತ್ತು ಜನರ ಒಲೆ, ಹಾಸಿಗೆ, ಟ್ರಂಕು, ತೊಟ್ಟಿಲು. ಅರಮನೆಯ ಪರದೆಯ ಹಿಂದೆ ನಾಲ್ಕು ಮೊಳದ ಅಂತರದಲ್ಲಿ ನನ್ನ ಮಗಳು ಎಂಟು ವರ್ಷ ಮಲಗಿದ್ದಾಳೆ. ಯಾವ ಮಾತಿನ ನಂತರ ಪಿಸ್ತೂಲಿನ ಸದ್ದು ಬರುತ್ತದೆಂದು ಅವಳಿಗೆ ನಿದ್ದೆಯಲ್ಲೂ ಗೊತ್ತಿತ್ತು. ಸದ್ದಿಗೆ ಒಂದು ಕ್ಷಣ ಮುಂಚೆ ಮಗ್ಗುಲು ಬದಲಿಸಿ ಕಿವಿಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ರಂಗಮಂದಿರದಲ್ಲಿ ರಾತ್ರಿ ಹತ್ತಕ್ಕೆ ಬೀಗ ಬೀಳುತ್ತದೆ. ಆ ಹೊತ್ತಿಗೆ ನಮ್ಮ ಎರಡನೆಯ ಆಟ ಆಗಷ್ಟೇ ಶುರುವಾಗಿರುತ್ತದೆ.

ಬಯಲಿನ ಬೆಲೆ ತಿಳಿಯಬೇಕಾದರೆ ಬನಶಂಕರಿಗೆ ಹೋಗಬೇಕು. ಬಾದಾಮಿಯ ಪಕ್ಕದ ಆ ಜಾತ್ರೆ ಬನದ ಹುಣ್ಣಿಮೆಯ ರಥೋತ್ಸವದಿಂದ ತೊಡಗಿ ಸುಮಾರು ಒಂದು ತಿಂಗಳು ನಡೆಯುತ್ತದೆ, ಕಂಪನಿಗಳು ಸಾಲಾಗಿ ಥಿಯೇಟರು ಹಾಕುತ್ತವೆ, ಬಾಯಿಮಾತಿನಲ್ಲಿ ಅದಕ್ಕೆ ನಾಟಕದ ಜಾತ್ರೆಯೆಂದೇ ಹೆಸರು. ಅಲ್ಲಿ ದಿನಕ್ಕೆ ಮೂರು, ಕೆಲವು ದಿನ ನಾಲ್ಕು ಆಟ ಮಾಡಿದ್ದೇವೆ. ಮಧ್ಯಾಹ್ನ ಹಚ್ಚಿದ ಬಣ್ಣವನ್ನು ಮರುದಿನ ಬೆಳಗಿನ ಜಾವದ ತನಕ ತೆಗೆಯದೆ, ಬೆವರಿಳಿದಲ್ಲಿ ಮತ್ತೆ ಬಳಿದುಕೊಂಡು, ಆಟದಿಂದ ಆಟಕ್ಕೆ ಗಂಟಲು ಕುಸಿಯುತ್ತ ಹೋದರೆ ಬಾಯಲ್ಲಿ ಜ್ಯೇಷ್ಠಮಧು ಇಟ್ಟುಕೊಂಡು ಮಾತಾಡಿದ್ದೇವೆ. ಗುಡಿಯ ಎದುರು ಜೋಳದ ರೊಟ್ಟಿ, ಪುಂಡಿಪಲ್ಲೆ, ಕೆಂಪು ಖಾರ, ಗಡಿಗೆಯ ಮೊಸರು ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳು ನಮ್ಮನ್ನು ಬಣ್ಣದಲ್ಲೇ ಗುರುತು ಹಿಡಿದು, “ಬಾ ಯವ್ವಾ, ಆಟಕ್ಕ ಹೊತ್ತಾತು, ನಿಂತ ತಿನ್ನು” ಎಂದು ಎಲ್ಲರಿಗಿಂತ ಮೊದಲು ಬಡಿಸುತ್ತಿದ್ದರು. ಆಚೆಯ ಥಿಯೇಟರಿನ ನಾಯಕಿ ಅಳುವ ಹಾಡು ಈಚೆಯ ನಮ್ಮ ಹಾಸ್ಯದೃಶ್ಯದೊಳಗೆ ನುಗ್ಗುತ್ತಿತ್ತು, ನಮ್ಮ ಹಾಸ್ಯನಟ ಅದನ್ನೂ ಮಾತಿಗೆ ಸೇರಿಸಿಕೊಂಡು ಚಪ್ಪಾಳೆ ಹೊಡೆಸುತ್ತಿದ್ದ.

ಒಂದು ವರ್ಷ, ಬೇರೊಂದು ಊರಲ್ಲಿ, ಅಕಾಲದ ಮಳೆ ಬಂತು. ತಗಡಿನ ಮೇಲೆ ಮಳೆ ಬಿದ್ದರೆ ಮೈಕಿದ್ದರೂ ಒಂದಕ್ಷರ ಕೇಳದು. ಅಪ್ಪ ಪೇಟಿ ನಿಲ್ಲಿಸಿದರು, ನಾವು ನಿಂತಲ್ಲೇ ನಿಂತೆವು. ಜನ ಮಾತ್ರ ಎದ್ದು ಹೋಗಲಿಲ್ಲ. ನೆಲದ ಟಿಕೀಟಿನವರು ತಂತಮ್ಮ ಚಾಪೆ ಕಂಬಳಿಗಳನ್ನು ಸುತ್ತಿಕೊಂಡು ರಂಗದ ಅಂಚಿನವರೆಗೂ ಸರಿದು ಬಂದರು, ಕುರ್ಚಿಯವರು ಕುರ್ಚಿ ಬಿಟ್ಟು ನೆಲದವರ ನಡುವೆ ಕುಳಿತರು. ಮಳೆ ನಿಂತದ್ದು ಮುಕ್ಕಾಲು ಗಂಟೆಯ ಮೇಲೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು, “ತಾಯಿ, ನೀ ‘ನನ್ನ ಮಗ ಎಲ್ಲಿ’ ಅಂದಲ್ಲಿಂದ ಚಾಲೂ ಮಾಡು” ಎಂದ. ಎಲ್ಲಿಗೆ ನಿಂತಿತ್ತೆಂದು ನನಗೇ ಮರೆತಿತ್ತು.

ಟಿ.ವಿ. ಬಂತು, ಮೊಬೈಲು ಬಂತು, ಜನ ನಾಟಕ ಬಿಟ್ಟರು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಿನಿಮಾ ಬಂದಾಗಲೂ ಹೀಗೇ ಹೇಳಿದ್ದರು. ಬನಶಂಕರಿಯಲ್ಲಿ, ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಇಂದಿಗೂ ಟಿಕೀಟಿಗೆ ಸಾಲು ಹಚ್ಚುವವರು ಮನೆಯಲ್ಲಿ ಟಿ.ವಿ. ಇಲ್ಲದವರಲ್ಲ. ಆದರೆ ವರ್ಷದಲ್ಲಿ ಒಂದೆರಡು ಜಾತ್ರೆ ತುಂಬಿದರೆ ಕಂಪನಿ ಬದುಕುವುದಿಲ್ಲ. ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಯವರೆಗೆ ನಿಲ್ಲಲು ಊರುಗಳು ಬೇಕು. ಆ ಊರುಗಳಲ್ಲಿ ನಾವು ನಿಲ್ಲುತ್ತಿದ್ದ ಬಯಲಿನ ಮೇಲೆ ಈಗ ಮಳಿಗೆಗಳಿವೆ, ಕಲ್ಯಾಣಮಂಟಪಗಳಿವೆ, ಕೆಲವೆಡೆ ವಾಹನ ನಿಲುಗಡೆಯ ಹಳದಿ ಗೆರೆಗಳಿವೆ. ಉಳಿದ ಬಯಲುಗಳಿಗೆ ಹರಾಜು. ತೊಟ್ಟಿಲಿನವರು ಹದಿನೈದು ದಿನದಲ್ಲಿ ಗಳಿಸುವುದನ್ನು ನಾವು ಎರಡು ತಿಂಗಳಲ್ಲೂ ಗಳಿಸಲಾರೆವು. ಅವರೊಡನೆ ನಮ್ಮನ್ನು ಒಂದೇ ಹರಾಜಿಗೆ ನಿಲ್ಲಿಸಿದರೆ ಸೋಲುವವರು ಯಾರೆಂಬುದು ಕೂಗುವ ಮೊದಲೇ ನಿಶ್ಚಿತ. ತೊಟ್ಟಿಲಿನವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ನಮ್ಮ ಹಾಗೆಯೇ ಊರು ಅಲೆಯುವವರು.

ನಮ್ಮ ತಪ್ಪನ್ನೂ ಬರೆಯದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಕಲೆಕ್ಷನ್ ಬೀಳತೊಡಗಿದ ದಿನಗಳಲ್ಲಿ ಕಂಪನಿಗಳು ದ್ವಂದ್ವಾರ್ಥದ ಹಾಸ್ಯಕ್ಕೆ ಇಳಿದವು. ನಾಟಕದ ಹೆಸರನ್ನೇ ಜಾತ್ರೆಯ ಗೋಡೆಗಳ ಮೇಲೆ ಓದಲು ಹೆಂಗಸರು ನಾಚುವಂತೆ ಇಟ್ಟೆವು. ಆ ಮಾತುಗಳನ್ನು ಬೇರೆ ಯಾರೋ ಆಡಿದರೆಂದು ನಾನು ಹೇಳಲಾರೆ. ನಾನೇ ಆಡಿದ್ದೇನೆ, ಶಿಳ್ಳೆಗೆ ಹಿಗ್ಗಿದ್ದೇನೆ ಕೂಡ. ಒಂದು ರಾತ್ರಿ ಹೆಂಗಸರ ಬದಿಯ ಬೆಂಚುಗಳು ಮಧ್ಯಂತರದ ನಂತರ ಖಾಲಿಯಾದದ್ದನ್ನು ಪರದೆಯ ಸೀಳಿನಿಂದ ನೋಡಿದಾಗ ಆದ ನಷ್ಟವೆಷ್ಟೆಂದು ತಿಳಿಯಿತು. ಹೆಂಗಸರು ಬಾರದ ನಾಟಕಕ್ಕೆ ಮಕ್ಕಳು ಬರುವುದಿಲ್ಲ, ಚಿಕ್ಕಂದಿನಲ್ಲಿ ನಾಟಕ ನೋಡದವರು ದೊಡ್ಡವರಾದ ಮೇಲೂ ನೋಡುವುದಿಲ್ಲ. ಹಾಗಾಗಿ ‘ಅಶ್ಲೀಲ ನಾಟಕಕ್ಕೆ ಜಾಗ ಕೊಡಬೇಕೇ?’ ಎಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ ನನಗೆ ಬೇಸರವಿಲ್ಲ. ಆದರೆ ಹತ್ತು ದಿನ ಮಾತ್ರ ಜಾಗ ಸಿಕ್ಕ ಮಾಲೀಕ ಹತ್ತು ದಿನದಲ್ಲೇ ಬಾಡಿಗೆ ತೆಗೆಯಬೇಕು. ಅವನು ಹಿಡಿಯುವುದು ಆ ಹಾದಿಯನ್ನೇ. ಎರಡು ತಿಂಗಳು ನಿಲ್ಲುವ ಧೈರ್ಯವಿದ್ದರೆ ಹೇಮರೆಡ್ಡಿ ಮಲ್ಲಮ್ಮನ ನಾಟಕವನ್ನೂ ಹಚ್ಚಬಹುದು, ಅದನ್ನು ನೋಡಲು ಸುತ್ತಲಿನ ಹಳ್ಳಿಯ ತಾಯಂದಿರು ಬುತ್ತಿ ಕಟ್ಟಿಕೊಂಡು ಬರುತ್ತಾರೆಂಬುದನ್ನು ನಾನು ಕಂಡಿದ್ದೇನೆ.

ಜಾಗ ಸಿಕ್ಕ ಮೇಲೆ ಕಾಗದಗಳು. ಪೊಲೀಸರ ಪರವಾನಗಿ, ವಿದ್ಯುತ್ತಿನವರದು, ಅಗ್ನಿಶಾಮಕದವರದು, ಕಟ್ಟಡ ಗಟ್ಟಿಯಿದೆಯೆಂಬ ಪತ್ರ. ಇವು ಬೇಡವೆಂದು ನಾನು ಹೇಳುವುದಿಲ್ಲ, ತಗಡಿನ ಕೆಳಗೆ ನೂರಾರು ಜನರನ್ನು ಕೂರಿಸುವವರಿಗೆ ಇವು ಬೇಕೇ ಬೇಕು. ಹೇಳಬೇಕಾದ್ದು ಇಷ್ಟೇ: ಒಂದು ಊರಲ್ಲಿ ಈ ಕಾಗದಗಳು ಕೈಗೆ ಬರುವ ಹೊತ್ತಿಗೆ ನಮ್ಮ ಮ್ಯಾನೇಜರ್ ಹದಿನೇಳು ಸಲ ಕಚೇರಿಗಳನ್ನು ಹತ್ತಿಳಿದಿದ್ದ, ನಾವು ಇಪ್ಪತ್ತೆರಡು ದಿನ ಬಣ್ಣ ಹಚ್ಚದೆ, ದಿನಸಿ ಅಂಗಡಿಯಲ್ಲಿ ಉದ್ರಿ ಬರೆಸಿಕೊಂಡು ಕುಳಿತಿದ್ದೆವು. ಕಡೆಗೆ ಪರವಾನಗಿ ಬಂದ ದಿನ ಜಾತ್ರೆಯ ತೇರು ಮನೆ ಸೇರಿತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ನಾನು ನಿಂತದ್ದೂ ಇಂಥದೇ ಒಂದು ಬಯಲಿನಲ್ಲಿ. ಎಲ್ಲ ಜಾತ್ರೆಗಳೂ ನಿಂತ ಆ ಬೇಸಿಗೆಯಲ್ಲಿ ಕುರ್ಚಿಗಳನ್ನು ಮಾರಿ ಊರು ಸೇರಿದೆವು. ಅದೇ ನನ್ನ ಕಡೆಯ ಕ್ಯಾಂಪ್.

ಇನ್ನೊಂದು ಮಾತನ್ನು ಸಮಿತಿಗಳಲ್ಲಿರುವ ಗಂಡಸರು ದಯವಿಟ್ಟು ತಾಳ್ಮೆಯಿಂದ ಓದಬೇಕು. ಐವತ್ತೇಳು ವರ್ಷದಲ್ಲಿ ನಾನು ನಿಂತ ಬಯಲುಗಳ ಪೈಕಿ ಹೆಂಗಸರಿಗೆ ಪಾಯಿಖಾನೆ ಇದ್ದವನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಬೆಳಕು ಹರಿಯುವ ಮುಂಚೆ ಎದ್ದು, ಇಬ್ಬಿಬ್ಬರು ಜೊತೆಯಾಗಿ, ಊರಾಚೆ ಹೋಗಿಬರಬೇಕಿತ್ತು. ರಾತ್ರಿ ನಮ್ಮ ನಟನೆಗೆ ಕೈಮುಗಿದ ಊರಿನಲ್ಲೇ ‘ನಾಟಕದವರು’ ಎಂದು ಬಾಡಿಗೆಗೆ ಕೋಣೆ ಕೊಡದ ಮನೆಗಳು ಎಷ್ಟಿದ್ದವೋ ಲೆಕ್ಕವಿಟ್ಟಿಲ್ಲ. ಬಸುರಿಯಾಗಿ ಏಳು ತಿಂಗಳವರೆಗೆ ಸೆರಗು ಇಳಿಬಿಟ್ಟು ಪಾತ್ರ ಮಾಡಿದ್ದೇನೆ. ದಣಿವಾದರೆ ಒರಗಲು ಗೋಡೆಯೂ ಇರಲಿಲ್ಲ, ಇದ್ದದ್ದು ಬಟ್ಟೆಯ ಅರಮನೆ.

ಸರ್ಕಾರ ದಾವಣಗೆರೆಯಲ್ಲಿ ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣ ತೆರೆದಿದೆ, ಗುಬ್ಬಿ ವೀರಣ್ಣನವರ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ, ವಯಸ್ಸಾದ ಕಲಾವಿದರಿಗೆ ಮಾಸಾಶನವಿದೆ. ಇವುಗಳಿಗೆ ನಾನು ಕೃತಜ್ಞಳು. ಆದರೆ ದಾವಣಗೆರೆಯಲ್ಲಿ ಕಲಿತ ಹುಡುಗಿ ಮುಂದೆ ಯಾವ ಕಂಪನಿ ಸೇರಬೇಕು, ಆ ಕಂಪನಿ ಎಲ್ಲಿ ನಿಲ್ಲಬೇಕು ಎಂಬುದು ಬೆಂಗಳೂರಿನಲ್ಲಿ ತೀರ್ಮಾನವಾಗುವ ವಿಷಯವಲ್ಲ. ಅದು ತೀರ್ಮಾನವಾಗುವುದು ನಿಮ್ಮ ಸಭೆಯಲ್ಲಿ, ಜಾತ್ರೆಗೆ ಎರಡು ತಿಂಗಳಿರುವಾಗ, ಚಹಾ ಚುರುಮುರಿಯ ನಡುವೆ.

ಆದ್ದರಿಂದ ಆ ಸಭೆಯ ಮುಂದೆ ನನ್ನ ಬೇಡಿಕೆ ಹೀಗಿದೆ. ಪ್ರತಿ ಜಾತ್ರೆಯ ಊರಿನಲ್ಲೂ ಒಂದು ಥಿಯೇಟರಿಗೆ ಬೇಕಾದಷ್ಟು ಬಯಲನ್ನು ಹರಾಜಿನಿಂದ ಹೊರಗಿಡಿ. ನೂರಿಪ್ಪತ್ತು ಅಡಿ ಉದ್ದ, ಅರವತ್ತು ಅಡಿ ಅಗಲ ನಮಗೆ ಧಾರಾಳ. ಬಾಡಿಗೆಯನ್ನು ಮೊದಲೇ ಗೊತ್ತುಮಾಡಿ, ಕಲೆಕ್ಷನ್ನಿನ ಮೇಲೆ ವಾರಕ್ಕೊಮ್ಮೆ ತೆಗೆದುಕೊಳ್ಳಿ, ಮುಂಗಡವೆಂದು ಪೂರ್ತಿ ಹಣ ಕೇಳಬೇಡಿ. ಜಾತ್ರೆ ಮುಗಿದ ಮೇಲೂ ಎರಡು ತಿಂಗಳು ನಿಲ್ಲಗೊಡಿ. ಒಂದು ನಲ್ಲಿ, ಹೆಂಗಸರಿಗೆ ಬಾಗಿಲಿರುವ ಎರಡು ಪಾಯಿಖಾನೆ ಕಟ್ಟಿಸಿಕೊಡಿ. ಜಾತ್ರೆಗೆ ಬಂದ ಹೆಣ್ಣುಮಕ್ಕಳಿಗೂ ಅವು ಆಗುತ್ತವೆ. ಪರವಾನಗಿಯ ಕಾಗದಗಳಿಗೆ ನಿಮ್ಮ ಸಮಿತಿಯ ಒಬ್ಬರು ನಮ್ಮ ಮ್ಯಾನೇಜರ್ ಜೊತೆ ಒಂದು ಸಲ ಕಚೇರಿಗೆ ಬಂದರೆ ಹದಿನೇಳು ಸಲದ ಓಡಾಟ ಎರಡಕ್ಕೆ ಇಳಿಯುತ್ತದೆ, ಇದು ನನ್ನ ಅನುಭವ. ಹಿರಿಯ ಕಲಾವಿದರ ಸನ್ಮಾನಕ್ಕೆಂದು ತೆಗೆದಿಟ್ಟ ಹಣವಿದ್ದರೆ ಅದನ್ನು ಈ ನಲ್ಲಿಗೆ, ಪಾಯಿಖಾನೆಗೆ ಹಾಕಿ. ನನ್ನ ಟ್ರಂಕಿನಲ್ಲಿ ಹದಿನಾಲ್ಕು ಶಾಲುಗಳಿವೆ, ನಮ್ಮ ಊರಿನ ಚಳಿಗೆ ಅಷ್ಟು ಬೇಕಾಗುವುದಿಲ್ಲ.

ಮ್ಯಾನೇಜರ್ ಮೊನ್ನೆ ಫೋನು ಮಾಡಿದ್ದ. ಹೊರಳಿ ಹೋದ ಲಾರಿಯ ಸಾಮಾನು ಒಂದು ಶೇಂಗಾ ಗೋದಾಮಿನ ಅಂಗಳದಲ್ಲಿದೆ. ತಗಡಿಗೆ ತುಕ್ಕು ಹತ್ತದಂತೆ ತಾಡಪತ್ರಿ ಹೊಚ್ಚಿದ್ದಾರೆ, ಪರದೆಗಳನ್ನು ಇಲಿ ಕಡಿಯದಂತೆ ತೊಲೆಗೆ ತೂಗುಹಾಕಿದ್ದಾರೆ. ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ ಜಾಗ ಖಾತ್ರಿಯಾಗಿದೆಯಂತೆ. ಅಲ್ಲಿಂದ ಎದ್ದ ಮೇಲಿನ ಎರಡು ತಿಂಗಳಿಗೆ ಊರು ಇನ್ನೂ ಸಿಕ್ಕಿಲ್ಲ. ಆ ಹೊತ್ತಿಗೆ ನಿಮ್ಮ ಬಯಲು ಖಾಲಿಯಿದ್ದರೆ ತಿಳಿಸಿ. ಅಳತೆಯನ್ನು ಮೇಲೆ ಬರೆದಿದ್ದೇನೆ.

ಇತಿ,
ನಿಮ್ಮ ಊರಿಗೆ ಮೊದಲು ಸೊಸೆಯಾಗಿ, ಆಮೇಲೆ ಅತ್ತೆಯಾಗಿ ಬಂದುಹೋದ ಒಬ್ಬ ಕಲಾವಿದೆ